ಕೋರ್ಟೇ ಕೊಟ್ಟ ವಕೀಲರಿಗೆ ನಾವೂ ದುಡ್ಡು ಕೊಡಬೇಕಾ?

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ 24 ವರ್ಷ. ಬೈಕ್ ಕಳವಿನ ಕೇಸಿನಲ್ಲಿ ಹಿಡಿದುಕೊಂಡು ಹೋದರು. ನಾಲ್ಕು ತಿಂಗಳಿಂದ ಜಿಲ್ಲಾ ಜೈಲಿನಲ್ಲಿದ್ದಾನೆ. ಹಿಂದೆ ಅವನ ಮೇಲೆ ಯಾವ ಕೇಸೂ ಇರಲಿಲ್ಲ. ಅಪ್ಪ ಇಲ್ಲ. ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ, ನನ್ನ ಸಂಬಳದಲ್ಲೇ ಮನೆ ನಡೆಯಬೇಕು. ವಕೀಲರನ್ನು ಇಡೋಕೆ ಆಗಲ್ಲ ಅಂದಿದ್ದಕ್ಕೆ ಜಡ್ಜ್ ಅವರೇ ಒಬ್ಬ ಉಚಿತ ವಕೀಲರನ್ನು ಕೊಡಿಸಿದರು. ಮೊದಲ ಸಲ ಹೋದಾಗ ಟೈಪಿಂಗ್, ಜೆರಾಕ್ಸ್ ಅಂತ 3,000 ರೂಪಾಯಿ ಕೇಳಿದರು, ಫೋನ್‌ಪೇ ಮಾಡಿದೆ. ಈಗ ಬೇಲ್ ಅರ್ಜಿ ಹಾಕಬೇಕು, 10,000 ಕೊಡಿ ಅಂತಿದ್ದಾರೆ. 'ಸರ್ಕಾರ ಕೊಡೋದು ಪೆಟ್ರೋಲಿಗೂ ಸಾಲಲ್ಲ, ಅದೂ ಕೇಸ್ ಮುಗಿದ ಮೇಲೆ' ಅಂದರು. 'ಪುಕ್ಕಟೆ ವಕೀಲರೆಲ್ಲ ಪೊಲೀಸರ ಕಡೆಯವರು, ಸಾಲ ಮಾಡಿಯಾದರೂ ಬೇರೆಯವರನ್ನು ಹಿಡಿ' ಅಂತ ಮಾವ ಹೇಳುತ್ತಿದ್ದಾರೆ. ಕೇಸ್ ಮುಗಿದ ಮೇಲೆ ಸರ್ಕಾರ ವಕೀಲರ ಫೀಸನ್ನು ನಿಮ್ಮಿಂದಲೇ ವಸೂಲಿ ಮಾಡುತ್ತೆ ಅಂತ ಪಕ್ಕದ ಮನೆಯವರು ಬೇರೆ ಹೆದರಿಸಿದ್ದಾರೆ. ನಿಜವಾಗಿ ಈ ವಕೀಲರಿಗೆ ದುಡ್ಡು ಯಾರು ಕೊಡ್ತಾರೆ? ಹೇಗೆ ಕೊಡ್ತಾರೆ? ನಾನು ಕೊಡಲ್ಲ ಅಂದರೆ ತಮ್ಮನ ಕೇಸ್ ಹಾಳು ಮಾಡ್ತಾರಾ? ಕೊಟ್ಟಿರೋ 3,000 ವಾಪಸ್ ಸಿಗುತ್ತಾ? ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಕೊಟ್ಟರೆ ಮನೆಯಲ್ಲಿ ಒಲೆ ಉರಿಯಲ್ಲ. ಕೊಡದಿದ್ದರೆ ಅದರ ಸಿಟ್ಟನ್ನು ತಮ್ಮನ ಫೈಲಿನ ಮೇಲೆ ತೋರಿಸುತ್ತಾರೇನೋ ಅನ್ನೋ ಅನುಮಾನ. ಜೈಲಿನಲ್ಲಿ ಮಗನನ್ನೋ ತಮ್ಮನನ್ನೋ ಇಟ್ಟುಕೊಂಡ ಎಷ್ಟೋ ಮನೆಯವರು ಈ ಎರಡರ ನಡುವೆ ಸಿಕ್ಕಿಕೊಂಡು ಕೊನೆಗೆ ದುಡ್ಡು ಕೊಟ್ಟು ಸುಮ್ಮನಾಗುತ್ತಾರೆ.

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ನೀವು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಬೇಲ್ ಅರ್ಜಿಗೆ ಕೇಳಿದ 10,000 ಕೊಡಬೇಡಿ. ಆ 3,000 ಕೂಡ ಕೊಡಬೇಕಾಗಿರಲಿಲ್ಲ. ಕಾನೂನು ನೆರವಿನ ವಕೀಲರು ನೆರವು ಪಡೆದ ವ್ಯಕ್ತಿಯಿಂದಾಗಲಿ, ಅವರ ಪರವಾಗಿ ಬಂದವರಿಂದಾಗಲಿ ಯಾವ ರೂಪದಲ್ಲೂ ಹಣ ತೆಗೆದುಕೊಳ್ಳುವಂತಿಲ್ಲ. ಇದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2010ರ ನಿಯಮಾವಳಿಯಲ್ಲೇ ಇದೆ. ಪ್ಯಾನೆಲ್‌ಗೆ, ಅಂದರೆ ಪ್ರಾಧಿಕಾರದ ವಕೀಲರ ಪಟ್ಟಿಗೆ, ಸೇರುವ ವಕೀಲರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ.

ಹಾಗಾದರೆ ಅವರ ಹೊಟ್ಟೆಗೆ ಏನು? ನಿಮ್ಮ ನಿಜವಾದ ಪ್ರಶ್ನೆ ಅದೇ ಅಲ್ವಾ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿಲ್ ಎಲ್ಲಿಗೆ ಹೋಗುತ್ತೆ, ಅದರಲ್ಲಿ ಏನಿರುತ್ತೆ ಅನ್ನೋದು ಗೊತ್ತಾದರೆ ನಿಮ್ಮ ಅರ್ಧ ಭಯ ಹೋಗುತ್ತದೆ.

ಬಿಲ್ ಯಾರ ಹೆಸರಿಗೆ?

ಜಡ್ಜ್ ವಕೀಲರನ್ನು ಕೊಡಿಸಿದರು ಅಂದಿರಿ. ಸಾಮಾನ್ಯವಾಗಿ ಜಡ್ಜ್ ಅಲ್ಲೇ ಕೂತಿರುವ ಒಬ್ಬರನ್ನು ಕರೆದು 'ಇವರ ಪರ ನಿಂತುಕೊಳ್ಳಿ' ಅಂದಂತೆ ನಮಗೆ ಕಾಣುತ್ತದೆ. ಆದರೆ ಹಿಂದೆ ಒಂದು ಕಾಗದ ಓಡಾಡಿರುತ್ತದೆ. ಕೋರ್ಟಿನಿಂದ ತಾಲ್ಲೂಕು ಕಾನೂನು ಸೇವಾ ಸಮಿತಿಗೋ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ಕೋರಿಕೆ ಹೋಗುತ್ತದೆ. ಅಲ್ಲಿಂದ ಇಂಥ ಕೇಸಿಗೆ ಇಂಥ ವಕೀಲರು ಅಂತ ನೇಮಕದ ಪತ್ರ ಬರುತ್ತದೆ. ಆ ಪತ್ರಕ್ಕೆ ಒಂದು ನಂಬರ್, ಒಂದು ತಾರೀಖು ಇರುತ್ತದೆ. ಮುಂದೆ ಫೀಸಿನ ವಿಷಯ ಏನೇ ಬಂದರೂ ಈ ಪತ್ರದಿಂದಲೇ ಶುರು.

ಇಲ್ಲಿ ಒಂದು ಮುಖ್ಯ ವಿಷಯ. ನಿಮ್ಮ ತಮ್ಮನಿಗೆ ಸಿಕ್ಕಿರುವವರು ಯಾವ ಬಗೆಯ ವಕೀಲರು ಅನ್ನೋದನ್ನು ಮೊದಲು ತಿಳಿದುಕೊಳ್ಳಿ. ಯಾಕೆಂದರೆ ಎಲ್ಲರಿಗೂ ಹಣ ಬರುವ ದಾರಿ ಒಂದೇ ಅಲ್ಲ.

ಹಳೆಯ ಪದ್ಧತಿ ಪ್ಯಾನೆಲ್ ವಕೀಲರದ್ದು. ಇವರು ಸ್ವಂತ ಪ್ರಾಕ್ಟೀಸ್ ಇಟ್ಟುಕೊಂಡು, ಜೊತೆಗೆ ಪ್ರಾಧಿಕಾರ ಕೊಟ್ಟ ಕೇಸುಗಳನ್ನೂ ನಡೆಸುತ್ತಾರೆ. ಇವರಿಗೆ ಕೇಸಿನ ಲೆಕ್ಕದಲ್ಲಿ ಫೀಸು. ನಾನೂ ಪ್ಯಾನೆಲ್‌ನಲ್ಲಿದ್ದವಳೇ, ಆ ಬಿಲ್‌ಗಳನ್ನು ಬರೆದವಳೇ.

2022ರಿಂದ ಜಿಲ್ಲೆಗಳಲ್ಲಿ ಇನ್ನೊಂದು ವ್ಯವಸ್ಥೆ ಬಂದಿದೆ. ಅದು ಕಾನೂನು ನೆರವು ಅಭಿರಕ್ಷಕರ ಕಚೇರಿ. ಕೋರ್ಟಿನಲ್ಲಿ ಎಲ್ಲರೂ ಡಿಫೆನ್ಸ್ ಕೌನ್ಸೆಲ್ ಆಫೀಸ್ ಅನ್ನುತ್ತಾರೆ. ಇಲ್ಲಿ ಮುಖ್ಯ, ಉಪ, ಸಹಾಯಕ ಅಂತ ಮೂರು ದರ್ಜೆಯ ವಕೀಲರು ಪೂರ್ಣಾವಧಿ ಕೆಲಸ ಮಾಡುತ್ತಾರೆ. ಕ್ರಿಮಿನಲ್ ಕೇಸುಗಳು ಮಾತ್ರ. ತಿಂಗಳಿಗೆ ಇಷ್ಟು ಅಂತ ಗೊತ್ತಾದ ಗೌರವಧನ. ಖಾಸಗಿ ಕೇಸ್ ಹಿಡಿಯುವ ಹಾಗಿಲ್ಲ. ನಿಮ್ಮ ವಕೀಲರು ಈ ಆಫೀಸಿನವರಾದರೆ 'ಕೇಸ್ ಮುಗಿದ ಮೇಲೆ ಕೊಡ್ತಾರೆ' ಅನ್ನುವ ಮಾತೇ ಹುಟ್ಟಲ್ಲ. ಅವರು ನಿಮ್ಮ ತಮ್ಮನ ಕೇಸಿಗೆ ಪ್ರತ್ಯೇಕ ಬಿಲ್ಲೇ ಹಾಕುವುದಿಲ್ಲ. ಅವರು ಹೇಳಿದ ಮಾತು ನೋಡಿದರೆ ಪ್ಯಾನೆಲ್ ವಕೀಲರೇ ಇರಬೇಕು ಅಂತ ನನ್ನ ಅಂದಾಜು. ಪ್ರಾಧಿಕಾರದ ಕಚೇರಿಯಲ್ಲಿ ಕೇಸ್ ನಂಬರ್ ಕೊಟ್ಟು ಕೇಳಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಮೂರನೆಯವರು ಅಮಿಕಸ್ ಕ್ಯೂರಿ. ಆರೋಪಿಗೆ ವಕೀಲರಿಲ್ಲ ಅಂತ ಕೋರ್ಟ್ ತಾನೇ ನೇಮಿಸಿಕೊಳ್ಳುವವರು. ಹೈಕೋರ್ಟ್ ತೀರ್ಪುಗಳ ಕೊನೆಯ ಪುಟದಲ್ಲಿ 'ಅಮಿಕಸ್ ಕ್ಯೂರಿಯವರಿಗೆ ಇಷ್ಟು ಶುಲ್ಕ ಕೊಡತಕ್ಕದ್ದು' ಅಂತ ಒಂದು ಸಾಲು ಇರುತ್ತದಲ್ಲ, ಅದೇ ಅವರ ಬಿಲ್. ಸೆಷನ್ಸ್ ಕೋರ್ಟಿನಲ್ಲಿ ವಕೀಲರಿಲ್ಲದ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು ಅಂತ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 304ನೇ ಕಲಂನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 341ನೇ ಕಲಂ. ಈ ಮೂರು ಬಗೆಯಲ್ಲಿ ಯಾವುದೇ ಆಗಲಿ, ಬಿಲ್ ಆರೋಪಿಯ ಹೆಸರಿಗೆ ಬರುವುದಿಲ್ಲ.

ಆ ಬಿಲ್‌ನಲ್ಲಿ ಏನಿರುತ್ತದೆ

ಪ್ಯಾನೆಲ್ ವಕೀಲರ ಬಿಲ್ ನೋಡಲು ಬಹಳ ಸಾದಾ ಕಾಗದ. ಕೇಸ್ ನಂಬರ್, ಕೋರ್ಟಿನ ಹೆಸರು, ಆರೋಪಿಯ ಹೆಸರು, ನೇಮಕದ ಪತ್ರದ ನಂಬರ್ ಮತ್ತು ತಾರೀಖು, ವಕಾಲತ್ತು ಹಾಕಿದ ದಿನ, ಯಾವ ಯಾವ ಅರ್ಜಿ ಹಾಕಿದರು, ಯಾವ ದಿನಗಳಲ್ಲಿ ಹಾಜರಾದರು, ಕೊನೆಗೆ ಕೇಸ್ ಏನಾಯಿತು. ಕೆಳಗೆ ಬ್ಯಾಂಕ್ ಖಾತೆಯ ವಿವರ. ಜೊತೆಗೆ ತೀರ್ಪಿನ ಅಥವಾ ಆದೇಶದ ನಕಲು. ಕಚೇರಿಯವರು ಇದನ್ನು ದರಪಟ್ಟಿಯ ಜೊತೆ ತಾಳೆ ನೋಡುತ್ತಾರೆ. ನ್ಯಾಯಾಧೀಶರೇ ಆಗಿರುವ ಕಾರ್ಯದರ್ಶಿ ಮಂಜೂರು ಮಾಡಿದ ಮೇಲೆ ಹಣ ಕಾನೂನು ನೆರವು ನಿಧಿಯಿಂದ ವಕೀಲರ ಖಾತೆಗೆ ಹೋಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ರಾಷ್ಟ್ರ, ರಾಜ್ಯ, ಜಿಲ್ಲೆ ಮೂರು ಹಂತಕ್ಕೂ ಇಂಥ ನಿಧಿ ಇದೆ.

ದರಪಟ್ಟಿ ಗಂಟೆಯ ಲೆಕ್ಕದಲ್ಲಿರುವುದಿಲ್ಲ. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಒಂದು, ಸೆಷನ್ಸ್‌ಗೆ ಒಂದು, ಹೈಕೋರ್ಟಿಗೆ ಇನ್ನೊಂದು. ಬೇಲ್ ಅರ್ಜಿಗೆ ಬೇರೆ, ಪೂರ್ತಿ ವಿಚಾರಣೆಗೆ ಬೇರೆ. ರಾತ್ರಿ ಹನ್ನೊಂದರವರೆಗೆ ಕೂತು ಫೈಲ್ ಓದಿದರೂ ಅಷ್ಟೇ, ಕೋರ್ಟಿನ ಬಾಗಿಲಲ್ಲಿ ನಿಂತು ಮೇಲಿಂದ ಮೇಲೆ ಕಣ್ಣಾಡಿಸಿದರೂ ಅಷ್ಟೇ. ನನ್ನ ಪ್ರಕಾರ ಈ ಪದ್ಧತಿಯ ದೊಡ್ಡ ತೊಂದರೆ ಇದೇ. ಚೆನ್ನಾಗಿ ಕೆಲಸ ಮಾಡುವವರಿಗೂ ಕಾಟಾಚಾರಕ್ಕೆ ಮಾಡುವವರಿಗೂ ಬಿಲ್ ಹೆಚ್ಚು ಕಡಿಮೆ ಒಂದೇ. ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ನೇಮಕವಾದ ವಕೀಲರು ಒಂದು ಗಂಟೆಯನ್ನು ಹತ್ತು ಪಾಲು ಮಾಡಿ, ಆರು ಆರು ನಿಮಿಷದ ಲೆಕ್ಕ ಬರೆದು ಕೊಡುತ್ತಾರೆ, ಜಡ್ಜ್ ಅದನ್ನು ನೋಡಿ ಒಪ್ಪಬೇಕು. ಅಲ್ಲಿ ತಕರಾರು ಬೇರೆ ತರಹದ್ದು, ಗಂಟೆ ಕತ್ತರಿಸಿದರು ಅಂತ. ನಮ್ಮಲ್ಲಿ ಗಂಟೆಯ ಮಾತೇ ಇಲ್ಲ.

ನಿಮ್ಮ ವಕೀಲರು 'ಪೆಟ್ರೋಲಿಗೂ ಸಾಲಲ್ಲ' ಅಂದಿದ್ದು ಸ್ವಲ್ಪ ಉತ್ಪ್ರೇಕ್ಷೆ, ಆದರೆ ಪೂರ್ತಿ ಸುಳ್ಳಲ್ಲ. ಖಾಸಗಿಯಾಗಿ ಅದೇ ಬೇಲ್ ಅರ್ಜಿಗೆ ಸಿಗುವ ಫೀಸಿನ ಪಕ್ಕ ಪ್ರಾಧಿಕಾರದ ದರ ಚಿಕ್ಕದು. ಕೇಸ್ ಮುಗಿಯಲು ವರ್ಷಗಟ್ಟಲೆ ಬೇಕು. ಮುಗಿದ ಮೇಲೆ ತೀರ್ಪಿನ ನಕಲು ತೆಗೆಸಿ, ಬಿಲ್ ಹಾಕಿ, ಏನೋ ಒಂದು ಕಾಲಂ ತುಂಬಿಲ್ಲ ಅಂತ ವಾಪಸ್ ಬಂದು, ಮತ್ತೆ ಹಾಕಿ, ಅನುದಾನ ಬರುವವರೆಗೆ ಕಾಯಬೇಕು. ಚಿಕ್ಕ ಮೊತ್ತಕ್ಕೆ ಇಷ್ಟು ಓಡಾಟ ಯಾಕೆ ಅಂತ ಬಿಲ್ಲೇ ಹಾಕದೆ ಬಿಟ್ಟವರನ್ನೂ ನೋಡಿದ್ದೇನೆ. ಹೊಸದಾಗಿ ವಕೀಲಿಕೆಗೆ ಬಂದ ಹುಡುಗ ಹುಡುಗಿಯರಿಗೆ ಇದು ನಿಜವಾದ ಕಷ್ಟ.

ಆದರೆ ಆ ಕಷ್ಟ ಅವರಿಗೂ ಪ್ರಾಧಿಕಾರಕ್ಕೂ ನಡುವಿನದು. ದರ ಕಡಿಮೆ ಅನಿಸಿದರೆ ಪ್ಯಾನೆಲ್‌ನಿಂದ ಹೊರಬರಬಹುದು. ಒಳಗಿದ್ದುಕೊಂಡು ಜೈಲಿನಲ್ಲಿರುವವನ ಅಕ್ಕನಿಂದ ಆ ಕೊರತೆ ತುಂಬಿಸಿಕೊಳ್ಳುವುದು ತಪ್ಪು. ಎರಡೂ ಕಡೆಯಿಂದ ಹಣ ಪಡೆದಂತಾಯಿತು ಅಲ್ವಾ? ನಿಮ್ಮಿಂದ 10,000 ಪಡೆದು ಅದೇ ಬೇಲ್ ಅರ್ಜಿಗೆ ನಾಳೆ ಪ್ರಾಧಿಕಾರಕ್ಕೂ ಬಿಲ್ ಹಾಕುವುದನ್ನು ಯಾರೂ ತಡೆಯಲ್ಲ, ನೀವು ಬಾಯಿ ಬಿಡದಿದ್ದರೆ.

ಟೈಪಿಂಗ್, ಜೆರಾಕ್ಸ್ ಅಂದರಲ್ಲ

ಹೆಚ್ಚಿನ ಕಡೆ 'ಫೀಸ್' ಅಂತ ಕೇಳುವುದಿಲ್ಲ. ಕೇಳಿದರೆ ತಪ್ಪು ಅಂತ ಗೊತ್ತು. 'ಖರ್ಚಿಗೆ' ಅಂತಾರೆ. ಟೈಪಿಂಗ್‌ಗೆ, ನಕಲಿಗೆ, ಗುಮಾಸ್ತರಿಗೆ, ಸ್ಟಾಂಪಿಗೆ. ಆದರೆ ಕಾನೂನು ನೆರವು ಅಂದರೆ ಬರೀ ವಕೀಲರ ಫೀಸಲ್ಲ. ಕೋರ್ಟ್ ಶುಲ್ಕ, ಸಮನ್ಸ್ ಕಳಿಸುವ ಪ್ರೋಸೆಸ್ ಫೀ, ಸಾಕ್ಷಿಗಳ ಖರ್ಚು, ದಾಖಲೆಗಳ ನಕಲು, ಅನುವಾದ, ಟೈಪಿಂಗ್ ಎಲ್ಲವೂ ಅದರೊಳಗೆ ಬರುತ್ತವೆ. ವಕೀಲರು ಕೈಯಿಂದ ಹಾಕಿದ್ದರೆ ಪ್ರಾಧಿಕಾರದಲ್ಲಿ ಕೇಳಿ ಪಡೆಯಬೇಕು.

ಇನ್ನು ಕೆಲವು ಕಾಗದಗಳಿಗೆ ಯಾರೂ ಖರ್ಚು ಮಾಡಬೇಕಾಗಿಯೇ ಇಲ್ಲ. ಪೊಲೀಸರು ಹಾಕಿದ ಚಾರ್ಜ್‌ಶೀಟ್, ಎಫ್‌ಐಆರ್, ಸಾಕ್ಷಿಗಳ ಹೇಳಿಕೆ ಇವುಗಳ ಪ್ರತಿಯನ್ನು ಆರೋಪಿಗೆ ಉಚಿತವಾಗಿ ಕೊಡಲೇಬೇಕು. ಶಿಕ್ಷೆಯಾಗಿ ಜೈಲಾದರೆ ತೀರ್ಪಿನ ಪ್ರತಿಯೂ ತಕ್ಷಣ ಉಚಿತ. ಚಾರ್ಜ್‌ಶೀಟ್ ಜೆರಾಕ್ಸ್‌ಗೆ ಅಂತ ಮನೆಯವರಿಂದ ಸಾವಿರಗಟ್ಟಲೆ ತೆಗೆದುಕೊಂಡಿದ್ದನ್ನು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ಬೇಲ್ ಸಿಕ್ಕಿದ ಮೇಲೆ ಇನ್ನೊಂದು ಕಡೆ ದುಡ್ಡು ಸೋರುತ್ತದೆ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಶ್ಯೂರಿಟಿ, ಅಂದರೆ ಜಾಮೀನು ನಿಲ್ಲುವವರು, ಬೇಕು ಅಂತ ಆದೇಶವಾಗುತ್ತದೆ. ಪಹಣಿ ಇರುವವರು ಸಿಗಲಿಲ್ಲ ಅಂತ ನೀವು ಪರದಾಡುವಾಗ ಕೋರ್ಟಿನ ಹೊರಗೆ ಒಬ್ಬರು ಬಂದು 'ನಾನು ಕೊಡಿಸ್ತೀನಿ, ಇಷ್ಟಾಗುತ್ತೆ' ಅಂತಾರೆ. ಬಾಡಿಗೆ ಜಾಮೀನುದಾರರ ಸಹವಾಸ ಬೇಡ. ಎಷ್ಟೋ ಸಲ ಅದೇ ಪಹಣಿ, ಅದೇ ಆಧಾರ್ ಹತ್ತು ಕೇಸುಗಳಲ್ಲಿ ಓಡಾಡಿರುತ್ತದೆ, ಕೆಲವು ಪೂರ್ತಿ ನಕಲಿ. ಸಿಕ್ಕಿಬಿದ್ದರೆ ನಿಮ್ಮ ತಮ್ಮನ ಬೇಲೇ ರದ್ದಾಗಬಹುದು. ಶ್ಯೂರಿಟಿ ಕೊಡಲು ನಿಜವಾಗಿ ಆಗದಿದ್ದರೆ ಅದನ್ನು ಕೋರ್ಟಿಗೆ ಅರ್ಜಿಯಲ್ಲಿ ಹೇಳಿ ಷರತ್ತು ಸಡಿಲಿಸಲು ಕೇಳಬಹುದು. ಬೇಲ್ ಆಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಣ ಕಟ್ಟಲಾಗದೆ ಒಳಗೇ ಉಳಿದ ಬಡ ಕೈದಿಗಳಿಗೆ ಕೇಂದ್ರ ಸರ್ಕಾರದ 2023ರ ಒಂದು ಯೋಜನೆಯೂ ಇದೆ. ವಿಚಾರಣಾಧೀನ ಕೈದಿಯ ಬೇಲ್‌ಗೆ ಹಣದ ನೆರವಿಗೆ ಅದರಲ್ಲಿ ಅವಕಾಶವಿದೆ.

ಮಾವನ ಮಾತು, ಪಕ್ಕದ ಮನೆಯವರ ಮಾತು

'ಪೊಲೀಸರ ಕಡೆಯವರು' ಅನ್ನುವುದು ತಪ್ಪು ತಿಳಿವಳಿಕೆ. ಜನ ಇಬ್ಬರನ್ನು ಒಬ್ಬರೇ ಅಂದುಕೊಂಡುಬಿಡುತ್ತಾರೆ. ಪೊಲೀಸರ ಪರ ವಾದ ಮಾಡುವವರು ಸಹಾಯಕ ಸರ್ಕಾರಿ ಅಭಿಯೋಜಕರು, ಕೋರ್ಟಿನಲ್ಲಿ ಎಪಿಪಿ ಅನ್ನುತ್ತಾರೆ. ಅವರು ಬೇರೆ ಇಲಾಖೆ, ಅವರಿಗೆ ಸರ್ಕಾರದ ಸಂಬಳ. ಕಾನೂನು ನೆರವಿನ ವಕೀಲರು ನಿಮ್ಮ ತಮ್ಮನ ವಕೀಲರು. ತಾಲ್ಲೂಕು ಸಮಿತಿಗೆ ಅಲ್ಲಿನ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು, ಜಿಲ್ಲೆಗೆ ಜಿಲ್ಲಾ ನ್ಯಾಯಾಧೀಶರು. ಪೊಲೀಸ್ ಠಾಣೆಗೂ ಈ ಬಿಲ್‌ಗೂ ಸಂಬಂಧವೇ ಇಲ್ಲ.

'ಸರಿಯಾಗಿ ವಾದ ಮಾಡಲ್ಲ' ಅಂತ ಮಾವ ಹೇಳಿದ್ದರೆ ಅರ್ಧ ಒಪ್ಪುತ್ತಿದ್ದೆ. ಕೆಲವರು ಮಾಡಲ್ಲ. ದುಡ್ಡು ಪಡೆದ ಖಾಸಗಿ ವಕೀಲರಲ್ಲೂ ಕೆಲವರು ಮಾಡಲ್ಲ. ಸುಪ್ರೀಂ ಕೋರ್ಟಿಗೂ ಈ ಚಿಂತೆ ಇದೆ. 2019ರ ಅನೋಖಿಲಾಲ್ ಪ್ರಕರಣದಲ್ಲಿ, ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಕೇಸಿಗೆ ಕನಿಷ್ಠ ಹತ್ತು ವರ್ಷ ಅನುಭವ ಇರುವವರನ್ನೇ ನೇಮಿಸಬೇಕು, ತಯಾರಿಗೆ ಸಮಯ ಕೊಡಬೇಕು ಅಂತ ಅದು ಹೇಳಬೇಕಾಯಿತು. ವಕೀಲರನ್ನು ನೇಮಿಸಿದ ದಿನವೇ, ತಯಾರಿಗೆ ಸಮಯ ಕೊಡದೆ, ವಿಚಾರಣಾ ಕೋರ್ಟ್ ಆರೋಪ ನಿಗದಿ ಮಾಡಿಬಿಟ್ಟಿತ್ತು ಅಂತಲೇ ಆ ಮಾತು ಬಂದದ್ದು.

ಪಕ್ಕದ ಮನೆಯವರ ವಸೂಲಿಯ ಮಾತು ಎಲ್ಲಿಂದ ಬಂತೋ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಶಿಕ್ಷೆಯಾದವರಿಂದ ವಕೀಲರ ಖರ್ಚು ವಾಪಸ್ ಕೇಳುವ ಪದ್ಧತಿ ಇದೆ, ಯಾರೋ ಮೊಬೈಲಿನಲ್ಲಿ ಅದನ್ನು ನೋಡಿರಬಹುದು. ನಮ್ಮಲ್ಲಿ ಹಾಗಿಲ್ಲ. ಕೇಸ್ ಸೋತರೂ ಗೆದ್ದರೂ ನಿಮ್ಮ ತಮ್ಮನಿಗೆ ಯಾರೂ ಬಿಲ್ ಕಳಿಸಲ್ಲ. ಸುಳ್ಳು ಹೇಳಿ, ಆದಾಯ ಮುಚ್ಚಿಟ್ಟು ನೆರವು ಪಡೆದಿದ್ದರೆ ಮಾತ್ರ ತೊಂದರೆ. ನಿಮ್ಮ ವಿಷಯದಲ್ಲಿ ಆ ಪ್ರಶ್ನೆಯೇ ಇಲ್ಲ. ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯೇ ಇಲ್ಲದೆ ನೆರವು ಸಿಗುತ್ತದೆ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಂನಲ್ಲಿ ಈ ಪಟ್ಟಿ ಇದೆ.

ಇದನ್ನು ದಾನ ಅಂದುಕೊಂಡು ಕೈಕಟ್ಟಿ ನಿಲ್ಲಬೇಡಿ. ಸಂವಿಧಾನದ 39ಎ ವಿಧಿ ಇದಕ್ಕಾಗಿಯೇ 1976ರಲ್ಲಿ ಸೇರಿದ್ದು. ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದ ವಿಚಾರಣಾಧೀನ ಕೈದಿಗಳ ಪ್ರಕರಣದಲ್ಲಿ, 1979ರಲ್ಲಿ, ಬಡವರಿಗೆ ವಕೀಲರನ್ನು ಕೊಡುವುದು ಜೀವಿಸುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ ಹೇಳಿತು. 1981ರಲ್ಲಿ, ಸರ್ಕಾರ ದುಡ್ಡಿಲ್ಲ ಅನ್ನುವ ಹಾಗಿಲ್ಲ ಅಂದಿತು. 1986ರಲ್ಲಿ, ಆರೋಪಿ ಕೇಳದಿದ್ದರೂ ಕೊಡಬೇಕು ಅಂದು, ವಕೀಲರಿಲ್ಲದೆ ಆಗಿದ್ದ ಶಿಕ್ಷೆಯನ್ನೇ ತೆಗೆದುಹಾಕಿತು.

ನಿಮ್ಮ ಮುಂದಿರುವ ದಾರಿಗಳು

ದುಡ್ಡಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ನಿಮ್ಮ ಪತ್ರದ 'ನಾಲ್ಕು ತಿಂಗಳು'. ಕಳವಿನಂಥ ಕೇಸಿನಲ್ಲಿ ಪೊಲೀಸರು 60 ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು. ಹಾಕದಿದ್ದರೆ, ಆರೋಪಿ ಕೇಳಿದರೆ ಬೇಲ್ ಕೊಡಲೇಬೇಕು. ಆದರೆ ಚಾರ್ಜ್‌ಶೀಟ್ ಬರುವ ಮೊದಲೇ ಕೇಳಬೇಕು. ಬಂದುಬಿಟ್ಟರೆ ಆ ಅವಕಾಶ ಹೋಯಿತು, ಆಮೇಲೆ ಮಾಮೂಲಿ ಬೇಲ್ ಅರ್ಜಿಯೇ ಗತಿ. ಚಾರ್ಜ್‌ಶೀಟ್ ಯಾವ ತಾರೀಖಿಗೆ ಬಂತು, ಬೇಲ್ ಅರ್ಜಿ ಇದುವರೆಗೆ ಒಂದಾದರೂ ಹಾಕಿದ್ದಾರಾ ಅಂತ ಇವತ್ತೇ ತಿಳಿದುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸಿನ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ, ಅಕ್ಷರ ಅಂಕಿ ಸೇರಿ 16 ಸ್ಥಾನದ ಗುರುತಿನ ನಂಬರ್) ಹಾಕಿದರೆ ಪ್ರತಿ ವಾಯಿದೆಯಲ್ಲಿ ಏನಾಯಿತು ಅಂತ ಬರುತ್ತದೆ. ಕೋರ್ಟಿನ ಆರ್ಡರ್ ಶೀಟ್‌ನಲ್ಲಿ 'ಆರೋಪಿ ಪರ ವಕೀಲರು ಗೈರು' ಅಂತ ಮತ್ತೆ ಮತ್ತೆ ಇದ್ದರೆ ವಕೀಲರನ್ನು ಬದಲಾಯಿಸಿ ಅಂತ ಕೇಳಲು ಅದಕ್ಕಿಂತ ಒಳ್ಳೆಯ ಕಾರಣ ಬೇಡ.

ಮೊದಲ ದಾರಿ, ಆ ವಕೀಲರ ಹತ್ತಿರವೇ ಮಾತಾಡುವುದು. ಜಗಳ ಬೇಡ. 'ಸರ್, ನನ್ನ ಹತ್ತಿರ ಆಗಲ್ಲ. ಖರ್ಚು ಏನಿದೆಯೋ ಪ್ರಾಧಿಕಾರದಲ್ಲಿ ಕೇಳಿ, ಬೇಕಾದರೆ ನಾನೂ ಆಫೀಸಿಗೆ ಬಂದು ಅರ್ಜಿ ಕೊಡ್ತೀನಿ' ಅಂತ ಹೇಳಿ. ಆಫೀಸಿಗೆ ಹೋಗುವ ದಾರಿ ನಿಮಗೆ ಗೊತ್ತಿದೆ ಅಂತ ತಿಳಿದರೆ ಸಾಕು, ಹೆಚ್ಚಿನವರು ಅಲ್ಲಿಗೇ ಬಿಡುತ್ತಾರೆ. ಮಾತಾಡಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಬರೆದು ಕಳಿಸಿಬಿಡಿ, ದಾಖಲೆ ಉಳಿಯಲಿ.

ಬಗ್ಗದಿದ್ದರೆ ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ಬರವಣಿಗೆಯಲ್ಲಿ ಕೊಡಿ. ನಾನಾಗಿದ್ದರೆ ಇದನ್ನೇ ಮಾಡುತ್ತಿದ್ದೆ. ಕಚೇರಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ. ಒಂದು ಪುಟ ಸಾಕು. ತಮ್ಮನ ಹೆಸರು, ಕೇಸ್ ನಂಬರ್, ವಕೀಲರನ್ನು ಕೊಟ್ಟ ದಿನ, ದುಡ್ಡು ಕೇಳಿದ ದಿನ, ಕೊಟ್ಟ ಮೊತ್ತ, ಮತ್ತು ನಿಮಗೆ ಏನು ಬೇಕು ಅನ್ನೋದು. ಬೇರೆ ವಕೀಲರು ಬೇಕಾ, ಅಥವಾ ಇದೇ ವಕೀಲರು ದುಡ್ಡು ಕೇಳದೆ ಬೇಲ್ ಅರ್ಜಿ ಹಾಕಿದರೆ ಸಾಕಾ, ಸ್ಪಷ್ಟವಾಗಿ ಬರೆಯಿರಿ. ಕೈಬರಹವೇ ಇರಲಿ. ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಇಂಥ ಕೇಸುಗಳು ಹೇಗೆ ನಡೆಯುತ್ತಿವೆ ಅಂತ ನೋಡಲು ಪ್ರಾಧಿಕಾರದಲ್ಲೇ ಮೇಲ್ವಿಚಾರಣಾ ಸಮಿತಿ ಇರುತ್ತದೆ. ಕೆಲಸದ ದಿನ ರಜೆ ಸಿಗದಿದ್ದರೆ 15100 ಸಹಾಯವಾಣಿಗೆ ಕರೆ ಮಾಡಿ ಶುರು ಮಾಡಬಹುದು. ರಾಜ್ಯ ಪ್ರಾಧಿಕಾರ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ, ಜಿಲ್ಲೆಯಲ್ಲಿ ಕೆಲಸ ಆಗದಿದ್ದರೆ ಅಲ್ಲಿಗೆ ಬರೆಯಿರಿ.

ಇದರಲ್ಲಿ ತೊಂದರೆಯೇ ಇಲ್ಲ ಅನ್ನಲಾರೆ. ವಕೀಲರು ಬದಲಾದರೆ ಹೊಸಬರು ಫೈಲ್ ಓದಬೇಕು, ಒಂದೆರಡು ವಾಯಿದೆ ಹೋಗಬಹುದು. ಮುಖ್ಯ ಸಾಕ್ಷಿಯ ಪಾಟೀ ಸವಾಲು ನಾಳೆ ಇದೆ ಅನ್ನುವ ಹೊತ್ತಿಗೆ ವಕೀಲರನ್ನು ಬದಲಾಯಿಸಬೇಡಿ. ನಿಮ್ಮ ಕೇಸ್ ಇನ್ನೂ ಬೇಲ್ ಹಂತದಲ್ಲಿದೆ, ಬದಲಾಯಿಸುವುದಾದರೆ ಇದೇ ಸರಿಯಾದ ಸಮಯ. ಸೇಡಿನ ಭಯದ ಬಗ್ಗೆ ಹೇಳುವುದಾದರೆ, ದೂರು ಬರವಣಿಗೆಯಲ್ಲಿ ಹೋದ ಮೇಲೆ ಆ ಕೇಸಿನ ಮೇಲೆ ಕಚೇರಿಯ ಕಣ್ಣು ಇರುತ್ತದೆ. ಬಾಯಿಮಾತಿನಲ್ಲಿ ಗೋಳಾಡಿ ಬಂದರೆ ಮಾತ್ರ ಏನೂ ಉಳಿಯಲ್ಲ.

ನಿಮ್ಮ ತಮ್ಮನೂ ಸುಮ್ನೆ ಕೂರಬೇಕಾಗಿಲ್ಲ. ಜೈಲಿನೊಳಗೆ ಕಾನೂನು ನೆರವು ಕ್ಲಿನಿಕ್ ಇರುತ್ತದೆ, ಅರೆಕಾಲಿಕ ಕಾನೂನು ಸ್ವಯಂಸೇವಕರು ಬರುತ್ತಾರೆ. ಅಲ್ಲಿ ಅರ್ಜಿ ಕೊಡಬಹುದು. ವಾಯಿದೆಯ ದಿನ ಕೋರ್ಟಿಗೆ ತಂದಾಗಲೋ ವಿಡಿಯೋದಲ್ಲಿ ಹಾಜರು ಮಾಡಿದಾಗಲೋ ಜಡ್ಜ್ ಎದುರು ನೇರವಾಗಿ 'ಸ್ವಾಮಿ, ನನ್ನ ಮನೆಯವರ ಹತ್ತಿರ ದುಡ್ಡು ಕೇಳ್ತಿದ್ದಾರೆ' ಅಂತ ಹೇಳಬಹುದು. ಹೇಳಿದರೆ ತಪ್ಪಿಲ್ಲ.

ಎರಡನೆಯದು ಮಾವನ ಸಲಹೆ, ಸಾಲ ಮಾಡಿ ಖಾಸಗಿ ವಕೀಲರು. ಅದು ನಿಮ್ಮ ಇಷ್ಟ, ನಿಮ್ಮ ಹಕ್ಕು. ಆದರೆ ಬೇರೆ ವಕೀಲರನ್ನು ಇಟ್ಟ ತಕ್ಷಣ ಕಾನೂನು ನೆರವು ನಿಲ್ಲುತ್ತದೆ. ಖಾಸಗಿ ವಕೀಲರ ಫೀಸನ್ನು ಪ್ರಾಧಿಕಾರ ತುಂಬಿಕೊಡಲ್ಲ. ಬೇಲ್‌ಗೆ ಅಂತ ಶುರುವಾದದ್ದು ಸಾಕ್ಷಿ, ವಾದ ಅಂತ ಮುಂದುವರಿಯುತ್ತದೆ. ಸಾಲದ ದುಡ್ಡು ಮುಗಿದು ನಡುವೆ ಅವರೂ ಕೈಬಿಟ್ಟರೆ ಮತ್ತೆ ಪ್ರಾಧಿಕಾರಕ್ಕೇ ಬರಬೇಕು, ಅಷ್ಟರಲ್ಲಿ ಕೇಸ್ ಎಲ್ಲಿಗೋ ಹೋಗಿರುತ್ತದೆ. ಇಡುವುದೇ ಆದರೆ ಪೂರ್ತಿ ಕೇಸಿಗೆ ಎಷ್ಟು, ಯಾವ ಹಂತಕ್ಕೆ ಎಷ್ಟು ಅಂತ ಬರೆಸಿಕೊಂಡು ರಸೀದಿ ತೆಗೆದುಕೊಳ್ಳಿ.

ವಕೀಲರ ಪರಿಷತ್ತಿಗೆ ದೂರು ಕೊಡುವುದು ಮೂರನೆಯದು. ವಕೀಲರ ಕಾಯ್ದೆ 1961ರ 35ನೇ ಕಲಂ ಪ್ರಕಾರ ರಾಜ್ಯ ವಕೀಲರ ಪರಿಷತ್ತು ವೃತ್ತಿ ದುರ್ನಡತೆಯ ವಿಚಾರಣೆ ನಡೆಸಬಹುದು. ಇದು ನಿಧಾನದ ಕೆಲಸ, ಸಾಕ್ಷ್ಯ ಬೇಕು, ನೀವೇ ಓಡಾಡಬೇಕು. ಇದರಿಂದ ತಮ್ಮನಿಗೆ ಒಂದು ದಿನ ಮುಂಚೆ ಬೇಲ್ ಸಿಗಲ್ಲ. ಅವನು ಹೊರಗೆ ಬಂದ ಮೇಲೆ ಯೋಚಿಸಿ.

ಅವನು ಹೊರಬಂದ ದಿನ ಇನ್ನೊಂದು ಮಾತು ಕೇಳಬೇಕಾಗಬಹುದು. 'ಈಗ ಬಂಧನದಲ್ಲಿಲ್ಲ, ಇನ್ನು ಉಚಿತ ನೆರವು ಇಲ್ಲ' ಅಂತ ಯಾರಾದರೂ ಹೇಳಬಹುದು. ಬಂಧನದ ಆಧಾರ ಹೋಗುತ್ತದೆ ನಿಜ. ಆದರೆ ಆದಾಯದ ಆಧಾರದ ಮೇಲೆ ನೆರವು ಮುಂದುವರಿಸಲು ಕೇಳಬಹುದು. ಅದಕ್ಕೆ ಆದಾಯದ ಬಗ್ಗೆ ಅವನ ಅಫಿಡವಿಟ್ ಸಾಕು ಅಂತ 1987ರ ಕಾನೂನು ಸೇವೆಗಳ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಮೊದಲೇ ಕೊಟ್ಟಿಡಿ.

ಕೊನೆಗೆ ಆ 3,000. ನೀವು ಫೋನ್‌ಪೇ ಮಾಡಿದ್ದು ಒಳ್ಳೆಯದೇ ಆಯಿತು. ನಗದಾಗಿದ್ದರೆ 'ತಗೊಂಡೇ ಇಲ್ಲ' ಅಂದುಬಿಡಬಹುದಿತ್ತು. ತಾರೀಖು, ಸಮಯ, ವಹಿವಾಟಿನ ನಂಬರ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿ, ಬ್ಯಾಂಕ್ ಪಾಸ್‌ಬುಕ್ಕಿನ ಆ ಸಾಲನ್ನೂ ಜೊತೆಗಿಟ್ಟು ಕಾರ್ಯದರ್ಶಿಗೆ ಕೊಡುವ ಅರ್ಜಿಗೆ ಲಗತ್ತಿಸಿ. ಹಣ ವಾಪಸ್ ಕೊಡಿಸಿ ಅಂತ ಅದೇ ಅರ್ಜಿಯಲ್ಲಿ ಬರೆಯಿರಿ. ಇಂಥ ದೂರು ಬಂದಾಗ ಕಾರ್ಯದರ್ಶಿ ವಕೀಲರನ್ನು ಕರೆದು ವಿವರಣೆ ಕೇಳುತ್ತಾರೆ, ಪ್ಯಾನೆಲ್‌ನಿಂದ ತೆಗೆಯುವವರೆಗೂ ಹೋಗಬಹುದು. ಅಲ್ಲಿಗೆ ಹೋಗುವ ಮೊದಲೇ ಕೆಲವರು ಹಣ ವಾಪಸ್ ಹಾಕಿ, ದೂರು ಹಿಂತೆಗೆದುಕೊಳ್ಳಿ ಅಂತ ಕೇಳಿಕೊಳ್ಳುತ್ತಾರೆ. ಹಾಗೆ ಕೇಳಿದರೆ ಹಣ ತಗೊಳ್ಳಿ, ಆದರೆ ಬೇಲ್ ಅರ್ಜಿ ಕೋರ್ಟಿಗೆ ಬಿದ್ದಿರುವುದನ್ನು ಆ್ಯಪ್‌ನಲ್ಲಿ ನೋಡುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.